ಮನೆಯ ತೊಟ್ಟಿಯಲ್ಲಿ ಗೊದಮೊಟ್ಟೆಗಳನ್ನು ಸಾಕುವ ಕ್ರಮ

ಮುಂಗಾರು ಮಳೆ ಹಿಡಿದು ಎಂಟು ಹತ್ತು ದಿನಗಳಾಗುವಷ್ಟರಲ್ಲಿ ನಮ್ಮ ಶಾಲೆಯ ಬಾಲಿಕೆಯರಲ್ಲಿ ಕೆಲವರಾದರೂ ಕಪ್ಪೆಯ ಮೊಟ್ಟೆಗಳನ್ನು ಪಾತ್ರೆಯಲ್ಲಿ ಹಾಕಿಕೊಂಡು ಮನೆಗೆ ಒಯ್ಯುವುದುಂಟು. ಈ ವಿಷಯವಾಗಿ ತಾಯಂದಿರಿಂದ ನಮಗೆ ಬರುವ ಮಾತುಗಳು ಪ್ರತಿ ವರ್ಷವೂ ಹೆಚ್ಚುಕಡಿಮೆ ಒಂದೇ ತೆರನಾಗಿರುವುವು. ಉಪ್ಪಿನಕಾಯಿಯ ಭರಣಿಯು ಅಡುಗೆಮನೆಯಿಂದ ಕಾಣೆಯಾಯಿತೆಂದು ಒಬ್ಬರೂ, ಮನೆಯೊಳಗೆ ನೀರು ನಿಂತರೆ ಸೊಳ್ಳೆಯಾಗುವುದಲ್ಲವೇ ಎಂದು ಮತ್ತೊಬ್ಬರೂ, ತಂದ ನಾಲ್ಕನೆಯ ದಿನವೇ ಎಲ್ಲವೂ ಸತ್ತು ನಾರತೊಡಗಿ ಮಗಳು ಅನ್ನವನ್ನೂ ಬಿಟ್ಟು ಅಳುತ್ತಿರುವಳೆಂದು ಇನ್ನೊಬ್ಬರೂ ಹೇಳಿಕೊಳ್ಳುವರು. ಮೊದಲಿನ ಎರಡು ದೂರುಗಳಿಗೆ ಪರಿಹಾರವು ಸುಲಭ. ಮೂರನೆಯದೇ ಯೋಚಿಸತಕ್ಕದ್ದು.

ಯಾಕಂದರೆ ಮನೆಗಳಲ್ಲಿ ಸಾಯುವ ಗೊದಮೊಟ್ಟೆಗಳಲ್ಲಿ ಬಹುಪಾಲು ಅಲಕ್ಷ್ಯದಿಂದ ಸಾಯುವುವಲ್ಲ. ಅತಿಯಾದ ಆರೈಕೆಯಿಂದ ಸಾಯುವುವು. ಬೇಕಾದುದಕ್ಕಿಂತ ಹೆಚ್ಚು ಮೊಟ್ಟೆಗಳನ್ನು ತಂದು, ಬೇಕಾದುದಕ್ಕಿಂತ ಹೆಚ್ಚು ಆಹಾರವನ್ನು ಸುರಿದು, ದಿನಕ್ಕೆ ಎರಡು ಸಲ ನಲ್ಲಿಯ ಹೊಸ ನೀರನ್ನು ತುಂಬಿ, ಬಂದವರಿಗೆಲ್ಲಾ ಕೈಯಲ್ಲಿ ಹಿಡಿದು ತೋರಿಸುವ ಮಗುವು ತನ್ನ ಮಟ್ಟಿಗೆ ಪ್ರೀತಿಯಿಂದಲೇ ನಡೆದುಕೊಂಡಿರುತ್ತದೆ. ಪ್ರೀತಿಯ ಜೊತೆಗೆ ಸ್ವಲ್ಪ ತಿಳಿವಳಿಕೆಯೂ ತಡೆದ ಕೈಯೂ ಇದ್ದರೆ ಈ ಕೆಲಸದಲ್ಲಿ ನಿರಾಶೆಗೆ ಕಾರಣವಿಲ್ಲ. ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಉಪಯೋಗವಾಗಲೆಂದು, ಮೊಟ್ಟೆಯಿಂದ ಮೊದಲುಗೊಂಡು ಮರಿಗಪ್ಪೆಯು ನೆಲಕ್ಕೆ ಹತ್ತುವ ತನಕ ಅನುಸರಿಸತಕ್ಕ ಕ್ರಮವನ್ನು ಇಲ್ಲಿ ವಿವರಿಸುವೆವು.

ಯಾವ ಮೊಟ್ಟೆ, ಎಷ್ಟು ಮೊಟ್ಟೆ?

ನಮ್ಮ ಸೀಮೆಯ ಕಪ್ಪೆಗಳೆಲ್ಲವೂ ಒಂದೇ ರೀತಿಯಾಗಿ ಮೊಟ್ಟೆಯಿಡುವುದಿಲ್ಲ. ಕೆಲವು ಜಾತಿಗಳ ಮೊಟ್ಟೆಗಳು ಲೋಳೆಯ ಮುದ್ದೆಯಾಗಿ ನೀರಿನಲ್ಲಿರುವುವು. ಕೆಲವು ನೀರಿನ ಮೇಲೆ ತೆಳುವಾದ ಪೊರೆಯಂತೆ ಹರಡಿಕೊಂಡಿರುವುವು. ನೀರಿನ ತೊಟ್ಟಿಯ ಒಳಗೋಡೆಗೋ ಕೆರೆಯ ಮೇಲೆ ಬಾಗಿದ ಕೊಂಬೆಗೋ ಸಾಬೂನಿನ ನೊರೆಯ ಉಂಡೆಯಂತಹದು ಅಂಟಿಕೊಂಡಿದ್ದರೆ ಅದು ಮರಗಪ್ಪೆಯ ಗೂಡು. ಅದನ್ನು ಕೀಳಲಾಗದು. ಒಳಗಿನ ಮರಿಗಳು ಕಾಲ ಬಂದಾಗ ತಾವಾಗಿಯೇ ಕೆಳಗಿನ ನೀರಿಗೆ ಬೀಳುವುವು.

ಮನೆಯಲ್ಲಿ ಸಾಕುವುದಕ್ಕೆ ಎಲ್ಲಕ್ಕಿಂತಲೂ ಯೋಗ್ಯವಾದುದು ಅಂಗಳದಲ್ಲಿಯೂ ಹಿತ್ತಲಿನಲ್ಲಿಯೂ ದಿನವೂ ಕಾಣುವ ಒರಟು ಚರ್ಮದ ನೆಲಗಪ್ಪೆ. ಇದರ ಮೊಟ್ಟೆಗಳನ್ನು ಗುರುತಿಸುವುದು ಬಹು ಸುಲಭ. ಎರಡು ಉದ್ದವಾದ ಲೋಳೆದಾರಗಳು ನೀರುಗಿಡಗಳಿಗೆ ಸುತ್ತಿಕೊಂಡಿರುವುವು. ಅವುಗಳೊಳಗೆ ಕರಿಮಣಿಗಳನ್ನು ಪೋಣಿಸಿದ ಹಾಗೆ ಕಪ್ಪು ಮೊಟ್ಟೆಗಳು ಸಾಲಾಗಿರುವುವು. ಒಂದೇ ಹೆಣ್ಣುಕಪ್ಪೆಯು ಒಂದು ಸಲಕ್ಕೆ ಸಾವಿರಗಟ್ಟಲೆ ಮೊಟ್ಟೆಗಳನ್ನಿಡುವುದು. ಹೆಣ್ಣು ಮೊಟ್ಟೆಯಿಡುವಾಗ ಗಂಡು ಅದರ ಬೆನ್ನನ್ನು ಅಪ್ಪಿಕೊಂಡಿದ್ದು, ಮೊಟ್ಟೆಗಳು ಹೊರಗೆ ಬಂದ ಮೇಲೆ ನೀರಿನಲ್ಲಿಯೇ ಅವು ಫಲಿಸುವುವು. ಅನಂತರ ತಂದೆತಾಯಿಗಳಿಬ್ಬರೂ ತಮ್ಮ ದಾರಿಯನ್ನು ಹಿಡಿಯುವುವು. ಸಾವಿರಗಟ್ಟಲೆ ಇಡುವುದೇತಕ್ಕೆಂದರೆ, ಮೀನು, ನೀರುಹುಳು, ಹಕ್ಕಿ, ಬಿಸಿಲು ಇವೆಲ್ಲವನ್ನೂ ದಾಟಿ ಬೆಳೆದ ಕಪ್ಪೆಗಳಾಗುವುವು ಅವುಗಳಲ್ಲಿ ಕೆಲವೇ ಕೆಲವು.

ಈ ಸಾವಿರಗಳಲ್ಲಿ ನಮಗೆ ಬೇಕಾದವು ಇಪ್ಪತ್ತು ಮಾತ್ರ. ದಾರದಿಂದ ಒಂದು ಗೇಣಿಗಿಂತ ಕಡಿಮೆ ಉದ್ದದ ತುಂಡನ್ನು ಕತ್ತರಿಯಿಂದ ಕತ್ತರಿಸಿ, ಅದು ಇದ್ದ ಹಳ್ಳದ ನೀರಿನೊಡನೆಯೇ ಅಗಲಬಾಯಿಯ ಪಾತ್ರೆಯಲ್ಲಿ ತರತಕ್ಕದ್ದು. ಎಣಿಸಿದಾಗ ಇಪ್ಪತ್ತೈದಕ್ಕಿಂತ ಹೆಚ್ಚು ಕಂಡುಬಂದರೆ ಉಳಿದವನ್ನು ಅಂದೇ ಹಿಂದಕ್ಕೆ ಬಿಟ್ಟುಬರಬೇಕು. ರಸ್ತೆಯ ಬದಿಯಲ್ಲಿ ನಾಳೆಯೋ ನಾಡಿದ್ದೋ ಒಣಗಿಹೋಗುವಂತಹ ಗುಂಡಿಯಿಂದ ತರುವುದು ಎಲ್ಲಕ್ಕಿಂತ ಮೇಲು. ಅಲ್ಲಿಯ ಮೊಟ್ಟೆಗಳಿಗೆ ಬೇರೆ ಗತಿಯಿಲ್ಲ. ಕಾಡಿನೊಳಗಿಂದಾಗಲಿ, ಅಭಯಾರಣ್ಯಗಳಿಂದಾಗಲಿ ಏನನ್ನೂ ತರಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯು ನಮ್ಮ ದೇಶದ ಕೆಲವು ಕಪ್ಪೆಗಳಿಗೂ ಉಂಟು. ಒಂದು ಕಾಲದಲ್ಲಿ ನಮ್ಮ ದೇಶದಿಂದ ಕಪ್ಪೆಯ ಕಾಲುಗಳು ಪರದೇಶಗಳ ಊಟದ ಮೇಜಿಗೆ ರಾಶಿ ರಾಶಿಯಾಗಿ ಹೋಗುತ್ತಿದ್ದವು. ಗದ್ದೆಗಳಲ್ಲಿ ಕಪ್ಪೆ ಕಡಿಮೆಯಾದರೆ ಹುಳು ಹೆಚ್ಚುವುದೆಂಬುದು ಮನವರಿಕೆಯಾಗಿ 1987ರಲ್ಲಿ ಆ ರಫ್ತು ನಿಷೇಧಿಸಲ್ಪಟ್ಟಿತು.

ತೊಟ್ಟಿಯೂ ನೀರೂ

ಗಾಜಿನ ತೊಟ್ಟಿಯಿದ್ದರೆ ನೋಡುವುದಕ್ಕೆ ಅನುಕೂಲ. ಇಲ್ಲವಾದರೆ ಅಗಲವಾದ ಪ್ಲಾಸ್ಟಿಕ್ ಬೋಗುಣಿಯಾದರೂ ಸಾಕು. ಆಳಕ್ಕಿಂತ ಅಗಲವು ಮುಖ್ಯ. ನೀರಿನ ಮೇಲ್ಮೈ ಹೆಚ್ಚಾದಷ್ಟೂ ಗಾಳಿಯು ನೀರಿನಲ್ಲಿ ಹೆಚ್ಚಾಗಿ ಬೆರೆಯುವುದು. ಹತ್ತು ಲೀಟರು ನೀರು ಹಿಡಿಯುವ ತೊಟ್ಟಿಯಲ್ಲಿ ಇಪ್ಪತ್ತು ಮರಿಗಳು ಸುಖವಾಗಿರುವುವು. ತಾಮ್ರ ಹಿತ್ತಾಳೆಗಳ ಪಾತ್ರೆಗಳು ಈ ಕೆಲಸಕ್ಕೆ ಸಲ್ಲವು. ನೀರಿಗೆ ಇಳಿಯುವ ತಾಮ್ರದ ಅಂಶವು ಗೊದಮೊಟ್ಟೆಗಳಿಗೆ ವಿಷ. ಉಪ್ಪಿನಕಾಯಿಯ ಭರಣಿಯಂತೂ ಬೇಡವೇ ಬೇಡ. ಅದರ ಬಾಯಿ ಕಿರಿದು. ಉಪ್ಪಿನ ಅಂಶವು ಸ್ವಲ್ಪ ಉಳಿದಿದ್ದರೂ ಈ ಮೆತ್ತನೆಯ ಚರ್ಮದ ಪ್ರಾಣಿಗಳು ತಾಳಲಾರವು. ತೊಟ್ಟಿಯನ್ನು ಸಾಬೂನು ಹಾಕಿ ತೊಳೆಯಕೂಡದು. ಬರಿಯ ನೀರಿನಿಂದ ಉಜ್ಜಿದರೆ ಸಾಕು.

ನೀರಿನ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು. ಬಾವಿಯ ನೀರು, ಶುಭ್ರವಾಗಿ ಹಿಡಿದಿಟ್ಟ ಮಳೆಯ ನೀರು, ಮೊಟ್ಟೆಯನ್ನು ತಂದ ಹಳ್ಳದ ನೀರು, ಇವು ಉತ್ತಮ. ಪಟ್ಟಣದ ನಲ್ಲಿಯ ನೀರಿಗೆ ರೋಗಾಣುಗಳನ್ನು ಕೊಲ್ಲಲಿಕ್ಕೆ ಕ್ಲೋರಿನ್ ಬೆರೆಸಿರುತ್ತಾರೆ. ನಮಗೆ ಹಿತವಾದ ಅದೇ ಕ್ಲೋರಿನ್ ಗೊದಮೊಟ್ಟೆಯ ಕಿವಿರುಗಳನ್ನು ಸುಡುವುದು. ಅಂತಹ ನೀರನ್ನು ಅಗಲವಾದ ಪಾತ್ರೆಯಲ್ಲಿ ತೆರೆದಿಟ್ಟು, ಒಂದೆರಡು ದಿನಗಳು ಕಳೆದ ಮೇಲೆ ಉಪಯೋಗಿಸಬೇಕು. ಕೆಲವು ಊರುಗಳಲ್ಲಿ ಕ್ಲೋರಿನ್ನಿಗೆ ಬದಲಾಗಿ ಕ್ಲೋರಮಿನ್ ಎಂಬುದನ್ನು ಬೆರೆಸುವುದುಂಟು. ಅದು ಹೀಗೆ ತೆರೆದಿಟ್ಟ ಮಾತ್ರಕ್ಕೆ ಹೋಗುವುದಿಲ್ಲವಾದುದರಿಂದ ಅಲ್ಲಿಯವರು ಮಳೆನೀರನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದು.

ಎರಡು ಮೂರು ದಿನಗಳಿಗೊಮ್ಮೆ ತೊಟ್ಟಿಯ ನೀರಿನಲ್ಲಿ ಮೂರರಲ್ಲೊಂದು ಪಾಲನ್ನು ಮಾತ್ರ ತೆಗೆದು, ಅಷ್ಟೇ ಹೊಸ ನೀರನ್ನು ಮೆಲ್ಲನೆ ಸೇರಿಸತಕ್ಕದ್ದು. ಪೂರ್ತಿಯಾಗಿ ಚೆಲ್ಲಿ ತುಂಬುವುದು ಸ್ವಚ್ಛತೆಯಂತೆ ತೋರಿದರೂ ಮರಿಗಳಿಗೆ ಅಪಾಯ. ನೀರಿನ ಕಾವು ಹಠಾತ್ತಾಗಿ ಬದಲಾಗುವುದಲ್ಲದೆ, ಕೊಳೆಯನ್ನು ಒಡೆದು ನಿರಪಾಯಗೊಳಿಸುವ ಸೂಕ್ಷ್ಮಜೀವಿಗಳೂ ಹೊರಟುಹೋಗುವುವು. ತೊಟ್ಟಿಗೆ ಬೆಳಕು ಬೇಕು, ನೇರವಾದ ಬಿಸಿಲು ಬೇಡ. ಕಿಟಕಿಯ ಗಾಜಿನ ಹಿಂದೆ ಮಧ್ಯಾಹ್ನದ ಬಿಸಿಲಿಗಿಟ್ಟರೆ ನೀರು ಒಂದು ಗಂಟೆಯೊಳಗೆ ಮರಿಗಳನ್ನು ಬೇಯಿಸುವಷ್ಟಾಗುವುದು. ತಳದಲ್ಲಿ ತೊಳೆದ ಮರಳು, ಒಂದೆರಡು ಪಾಚಿ ಹಿಡಿದ ಕಲ್ಲುಗಳು, ಒಂದೆರಡು ನೀರುಗಿಡಗಳು ಇದ್ದರೆ ಸಾಕು. ಮೀನುಗಳನ್ನು ಇದೇ ತೊಟ್ಟಿಯಲ್ಲಿ ಬಿಡಲಾಗದು.

ಸೊಳ್ಳೆಯ ಭಯವು ನ್ಯಾಯವಾದುದೇ. ಡೆಂಗೀ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯು ಮನೆಯ ಶುಭ್ರವಾದ ನಿಂತ ನೀರಿನಲ್ಲಿಯೇ ಮೊಟ್ಟೆಯಿಡುವುದು. ಆದುದರಿಂದ ಹಳೆಯ ಸೊಳ್ಳೆಪರದೆಯ ತುಂಡೊಂದನ್ನು ತೊಟ್ಟಿಯ ಬಾಯಿಗೆ ಬಿಗಿಯಾಗಿ ಕಟ್ಟಬೇಕು. ನೀರನ್ನು ತೆರೆದಿಡುವ ಪಾತ್ರೆಗೂ ಇದೇ ನಿಯಮ. ಹೀಗೆ ಮಾಡಿದರೆ ಗಾಳಿ ಒಳಗೆ ಬರುವುದು, ಸೊಳ್ಳೆ ಬಾರದು, ಬೆಕ್ಕು ಕೈಹಾಕದು.

ಮೊಟ್ಟೆಯೊಳಗಿನ ಕೆಲಸ

ಮೊಟ್ಟೆಯ ಮೇಲ್ಭಾಗ ಕಪ್ಪು, ಕೆಳಭಾಗ ಬಿಳುಪು. ಮಕ್ಕಳು ಅದನ್ನು ತಲೆಕೆಳಗು ಮಾಡಿ ನೋಡಲಿ. ಫಲಿಸಿದ ಮೊಟ್ಟೆಯು ಲೋಳೆಯೊಳಗೆ ತಾನಾಗಿಯೇ ಹೊರಳಿ ಕಪ್ಪು ಭಾಗವನ್ನು ಮೇಲಕ್ಕೆ ತಂದುಕೊಳ್ಳುವುದು. ಸಾಧಾರಣವಾದ ಭೂತಕನ್ನಡಿಯಿಂದ ನೋಡಿದರೆ, ಆಗತಾನೇ ಇಟ್ಟ ಮೊಟ್ಟೆಯಲ್ಲಿ ಕೆಲವು ಗಂಟೆಗಳೊಳಗೆ ಒಂದು ಗೀರು ಮೂಡಿ ಎರಡು ಭಾಗಗಳಾಗುವುದು ಕಾಣುವುದು. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, ಕೊನೆಗೆ ಭಾಗಗಳನ್ನು ಎಣಿಸಲಾಗದಷ್ಟಾಗುವುವು. ನಮ್ಮ ಪ್ರತಿಯೊಬ್ಬರ ಶರೀರವೂ ಒಂದು ಕಣದಿಂದ ಇದೇ ರೀತಿ ಒಡೆದು ಬೆಳೆದುದೆಂಬುದನ್ನು ಪುಸ್ತಕದಲ್ಲಿ ಓದಿದಾಗ ನಂಬದ ಹುಡುಗಿಯರು ಇಲ್ಲಿ ನೋಡಿ ನಂಬುವರು.

ಈ ಸಂದರ್ಭದಲ್ಲಿ ನಮ್ಮ ಬಾಲಿಕೆಯರಿಗೆ ನಾವು ತಪ್ಪದೆ ಹೇಳುವ ಹೆಸರು ಹಿಲ್ಡೆ ಮಾಂಗೋಲ್ಡ್ ಎಂಬ ಜರ್ಮನ್ ಮಹಿಳೆಯದು. ಕಪ್ಪೆಯ ಹತ್ತಿರದ ಬಂಧುವಾದ ನ್ಯೂಟ್ ಎಂಬ ಬಾಲವುಳ್ಳ ಪ್ರಾಣಿಯ ಭ್ರೂಣದಿಂದ ಒಂದು ಸಣ್ಣ ಚೂರನ್ನು ಆಕೆ ತೆಗೆದು ಇನ್ನೊಂದು ಭ್ರೂಣದಲ್ಲಿ ನೆಟ್ಟಾಗ, ಅಲ್ಲಿ ಎರಡನೆಯದೊಂದು ಶರೀರವೇ ರೂಪುಗೊಳ್ಳತೊಡಗಿತು. ಯಾವ ಭಾಗವು ಏನಾಗಬೇಕೆಂಬುದನ್ನು ಭ್ರೂಣದ ಒಂದು ಸಣ್ಣ ಪ್ರದೇಶವು ನೆರೆಯ ಭಾಗಗಳಿಗೆ ತಿಳಿಸುವುದೆಂದು ಇದರಿಂದ ಗೊತ್ತಾಯಿತು. ಆಕೆಯ ಈ ಕೆಲಸವು 1924ರಲ್ಲಿ ಪ್ರಕಟವಾಯಿತು. ಅದೇ ವರ್ಷ ಮನೆಯಲ್ಲಾದ ಬೆಂಕಿಯ ಅಪಘಾತದಲ್ಲಿ ಆಕೆ ಎಳೆಯ ಪ್ರಾಯದಲ್ಲಿಯೇ ತೀರಿಕೊಂಡರು. ಆಕೆಯ ಗುರುಗಳಾದ ಹಾನ್ಸ್ ಷ್ಪೇಮಾನರಿಗೆ 1935ರಲ್ಲಿ ನೊಬೆಲ್ ಬಹುಮಾನವು ದೊರೆಯಿತು.

ನಮ್ಮ ಸೀಮೆಯ ಬೆಚ್ಚನೆಯ ನೀರಿನಲ್ಲಿ ನೆಲಗಪ್ಪೆಯ ಮೊಟ್ಟೆಗಳು ಒಂದೆರಡು ದಿನಗಳಲ್ಲಿಯೇ ಒಡೆಯುವುವು. ಬಿಳುಪಾಗಿ ಹತ್ತಿಯಂತಹ ಬೂಷ್ಟು ಹಿಡಿದವು ಫಲಿಸದ ಮೊಟ್ಟೆಗಳು. ಬೂಷ್ಟು ಪಕ್ಕದವುಗಳಿಗೂ ಹರಡುವುದರಿಂದ ಅವನ್ನು ಚಮಚದಿಂದ ತೆಗೆದುಹಾಕಬೇಕು. ಹೊರಗೆ ಬಂದ ಮರಿಯು ನೋಡುವುದಕ್ಕೆ ಒಂದು ಕಪ್ಪು ಗೀಟಿನಂತಿರುವುದು. ಅದು ಈಜದು, ತಿನ್ನದು. ಬಾಯಿಯ ಕೆಳಗಿನ ಅಂಟಿನಿಂದ ಲೋಳೆಗೋ ಗಿಡಕ್ಕೋ ಅಂಟಿಕೊಂಡು ಸುಮ್ಮನೆ ತೂಗಾಡುತ್ತಿರುವುದು. ಹುಡುಗಿಯರು ಸತ್ತಿತೆಂದು ತಿಳಿದು ಕಡ್ಡಿಯಿಂದ ತಿವಿಯುವುದು ಈ ಹೊತ್ತಿನಲ್ಲಿಯೇ. ಅದರ ಹೊಟ್ಟೆಯೊಳಗೆ ತಾಯಿ ಕಟ್ಟಿಕೊಟ್ಟ ಬುತ್ತಿಯಂತೆ ಮೊಟ್ಟೆಯ ಭಂಡಾರವು ಇನ್ನೂ ಉಳಿದಿರುವುದು. ಅದು ಮುಗಿಯುವ ತನಕ ಹೊರಗಿನ ಆಹಾರವು ಬೇಕಿಲ್ಲ. ಆಗ ಹಾಕಿದ ಆಹಾರವೆಲ್ಲವೂ ಕೊಳೆತು ನೀರು ಕೆಡುವುದೊಂದೇ ಫಲ.

ಕತ್ತಿನ ಎರಡು ಬದಿಗಳಲ್ಲಿಯೂ ಕುಚ್ಚಿನಂತಹ ಕಿವಿರುಗಳು ಕೆಲವು ಕಾಲ ಹೊರಗೆ ಕಾಣಿಸಿಕೊಂಡು, ಬೇಗನೆ ಒಂದು ಚರ್ಮದ ಮಡಿಕೆಯು ಅವುಗಳನ್ನು ಮುಚ್ಚುವುದು. ಎಡಬದಿಯಲ್ಲಿ ಒಂದು ಸಣ್ಣ ರಂಧ್ರ ಮಾತ್ರ ಉಳಿಯುವುದು. ಬಾಯಿಯಿಂದ ಸೇದಿದ ನೀರು ಕಿವಿರುಗಳನ್ನು ತೊಳೆದು ಅದರ ಮೂಲಕ ಹೊರಗೆ ಬರುವುದು. ಮರಿಯು ಬಾಲವನ್ನಾಡಿಸುತ್ತಾ ಈಜತೊಡಗಿತೆಂದರೆ, ಆಗ ಮೊದಲ ಊಟದ ಸಮಯವಾಯಿತು.

ಆಹಾರ

ಈ ಗೊದಮೊಟ್ಟೆಯ ಬಾಯಿಯಲ್ಲಿ ಕೊಂಬಿನಂತೆ ಗಟ್ಟಿಯಾದ ಒಂದು ಸಣ್ಣ ಕೊಕ್ಕೂ, ಅದರ ಸುತ್ತಲೂ ಕೆರೆಯುವ ಹಲ್ಲುಸಾಲುಗಳೂ ಇರುವುವು. ಕಲ್ಲಿನ ಮೇಲಿನ ಪಾಚಿಯನ್ನು ತೆಂಗಿನಕಾಯಿ ತುರಿಯುವ ಹಾಗೆ ಅದು ತುರಿದು ತಿನ್ನುವುದು. ಇಂತಹ ಆಹಾರವು ಜೀರ್ಣವಾಗುವುದಕ್ಕೆ ಬಹಳ ಹೊತ್ತು ಬೇಕಾದುದರಿಂದ ಅದರ ಕರುಳು ಬಹಳ ಉದ್ದವಾಗಿ, ಚಕ್ಕುಲಿಯ ಹಾಗೆ ಸುತ್ತಿಕೊಂಡಿರುವುದು.

ಪಾಚಿ ಹಿಡಿದ ಕಲ್ಲುಗಳನ್ನು ಒಂದರ ಬಳಿಕ ಒಂದಾಗಿ ತಂದಿಡುವುದೇ ಅತ್ಯುತ್ತಮ. ಅದು ಸಾಲದಾದಾಗ ಎಲೆಕೋಸಿನ ಎಳೆಯ ಎಲೆಯನ್ನೋ ಸೌತೆಯ ತೆಳುವಾದ ಬಿಲ್ಲೆಯನ್ನೋ ಉಪ್ಪು ಹಾಕದೆ ಮೆತ್ತಗೆ ಬೇಯಿಸಿ, ಆರಿಸಿ, ಹೆಬ್ಬೆರಳಿನ ಉಗುರಿನಷ್ಟು ತುಂಡನ್ನು ಕೊಡಬಹುದು. ಪಾಲಕ, ಹರಿವೆ ಇವುಗಳನ್ನು ದಿನವೂ ಕೊಡಲಾಗದು; ಅವುಗಳಲ್ಲಿ ಹೆಚ್ಚಾಗಿರುವ ಆಕ್ಸಾಲಿಕ್ ಆಮ್ಲವು ಮರಿಗಳ ಮೂತ್ರಪಿಂಡಗಳಿಗೆ ಒಳ್ಳೆಯದಲ್ಲ. ಮರಿಗಳು ಸ್ವಲ್ಪ ದೊಡ್ಡವಾದ ಮೇಲೆ ವಾರಕ್ಕೊಮ್ಮೆ ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ಸಾಸಿವೆಕಾಳಿನಷ್ಟು ಕೊಟ್ಟರೆ ಬೆಳವಣಿಗೆಗೆ ಸಹಾಯವಾಗುವುದು. ಅನ್ನ, ರೊಟ್ಟಿ, ಬಿಸ್ಕತ್ತು, ಹಾಲು, ಇವು ಸರ್ವಥಾ ಬೇಡ.

ನಿಯಮವು ಒಂದೇ: ಸಾಯಂಕಾಲದ ಹೊತ್ತಿಗೆ ಉಳಿದುದೆಲ್ಲವೂ ಹೆಚ್ಚಾದುದೆಂದು ತಿಳಿದು ತೆಗೆದುಹಾಕಬೇಕು. ನೀರು ಮಂಕಾಗಿ, ಮರಿಗಳು ಮೇಲಕ್ಕೆ ಬಂದು ಗಾಳಿಯನ್ನು ಗುಟುಕರಿಸತೊಡಗಿದರೆ ಅವು ಹಸಿದಿರುವುವೆಂದು ಅರ್ಥವಲ್ಲ. ನೀರಿನಲ್ಲಿ ಪ್ರಾಣವಾಯು ಸಾಲದೆಂದು ಅರ್ಥ. ಆಗ ಇನ್ನಷ್ಟು ಆಹಾರ ಹಾಕುವ ಮಗುವಿನ ಕೈಯನ್ನು ಮೆಲ್ಲನೆ ತಡೆಯಬೇಕು.

ಒಂದು ವರ್ಷ ನಮ್ಮ ಎಂಟನೆಯ ತರಗತಿಯವರು ಸಮನಾದ ಎರಡು ತೊಟ್ಟಿಗಳನ್ನು ಇಟ್ಟು, ಒಂದರಲ್ಲಿ ಇಪ್ಪತ್ತು ಮರಿಗಳನ್ನೂ ಇನ್ನೊಂದರಲ್ಲಿ ನೂರು ಮರಿಗಳನ್ನೂ ಬಿಟ್ಟಿದ್ದರು. ತಲೆಗೆ ಇಷ್ಟೆಂದು ಎರಡಕ್ಕೂ ಆಹಾರವನ್ನು ಸಮನಾಗಿಯೇ ಕೊಟ್ಟರು. ಮೊದಲನೆಯ ತೊಟ್ಟಿಯವುಗಳಿಗೆ ಹಿಂಗಾಲುಗಳು ಮೂಡಿದಾಗ ಎರಡನೆಯದರ ಮರಿಗಳು ಕಾಲಿಲ್ಲದೆ, ಮೊದಲಿನವುಗಳ ಅರ್ಧದಷ್ಟೂ ಬೆಳೆಯದೆ ಇದ್ದವು. ಇಕ್ಕಟ್ಟಾದ ಸ್ಥಳದಲ್ಲಿ ಊಟವು ಸಾಕಷ್ಟಿದ್ದರೂ ಬೆಳವಣಿಗೆ ಕುಂಠಿತವಾಗುವುದೆಂಬುದನ್ನು ಆ ಬಾಲಿಕೆಯರಿಗೆ ನಾವು ಬಾಯಿಮಾತಿನಲ್ಲಿ ಹೇಳಬೇಕಾಗಿ ಬರಲಿಲ್ಲ. ಅವರೇ ಎಂಬತ್ತು ಮರಿಗಳನ್ನು ಬಕೀಟಿನಲ್ಲಿ ತುಂಬಿಕೊಂಡು, ತಂದಲ್ಲಿಗೆ ಬಿಟ್ಟುಬಂದರು.

ಕಾಲು ಮೂಡುವ ಕಾಲ

ಮೊದಲು ಮೂಡುವುವು ಹಿಂಗಾಲುಗಳು. ಮುಂಗಾಲುಗಳು ಕಿವಿರಿನ ಮುಚ್ಚಳದ ಒಳಗೆ ಗುಟ್ಟಾಗಿ ಬೆಳೆದು, ಪೂರ್ಣವಾದ ಮೇಲೆ ಒಮ್ಮೆಗೇ ಹೊರಗೆ ಬರುವುವು. ಎಡಗೈಯು ಸಾಮಾನ್ಯವಾಗಿ ನಾವು ಮೇಲೆ ಹೇಳಿದ ರಂಧ್ರದ ಮೂಲಕ ಹೊರಬರುವುದು. ಬಲಗೈಗೆ ದಾರಿಯಿಲ್ಲದುದರಿಂದ ಅದು ಚರ್ಮವನ್ನು ತೂರಿಕೊಂಡು ಬರುವುದು. ಮೊಟ್ಟೆಯಿಂದ ಇಷ್ಟಾಗುವುದಕ್ಕೆ ನೆಲಗಪ್ಪೆಗೆ ಒಂದು ತಿಂಗಳಿಂದ ಒಂದೂವರೆ ತಿಂಗಳು ಹಿಡಿಯುವುದು. ಚಳಿಯಿದ್ದರೆ ಇನ್ನೂ ತಡ.

ಮುಂಗಾಲು ಮೂಡಿದ ದಿನದಿಂದ ಗೊದಮೊಟ್ಟೆಯ ಶರೀರದೊಳಗೆ ನಡೆಯುವ ಬದಲಾವಣೆಗೆ ಎಣೆಯಿಲ್ಲ. ಪಾಚಿಯನ್ನು ತುರಿಯುತ್ತಿದ್ದ ಕೊಕ್ಕು ಉದುರಿಹೋಗಿ ಬಾಯಿಯು ಅಗಲವಾಗುವುದು. ಚಕ್ಕುಲಿಯಂತಿದ್ದ ಕರುಳು ಕುಗ್ಗಿ, ಹುಳುಗಳನ್ನು ಅರಗಿಸತಕ್ಕ ಗಿಡ್ಡ ಕರುಳಾಗುವುದು. ಕಿವಿರುಗಳು ಕರಗಿ ಶ್ವಾಸಕೋಶಗಳು ಕೆಲಸಕ್ಕೆ ತೊಡಗುವುವು. ಬಾಲವು ಕತ್ತರಿಸಿ ಬೀಳುವುದೆಂದು ಅನೇಕರು ತಿಳಿದಿರುವರು, ಹಾಗಲ್ಲ. ಅದು ಒಳಗಿಂದಲೇ ಕ್ರಮವಾಗಿ ಕರಗಿ, ಅದರ ಸಾರವು ಶರೀರಕ್ಕೆ ಸೇರಿಹೋಗುವುದು. ಈ ಕೆಲವು ದಿನಗಳಲ್ಲಿ ಹಳೆಯ ಬಾಯಿ ಇಲ್ಲ, ಹೊಸ ಬಾಯಿ ಸಿದ್ಧವಾಗಿಲ್ಲ. ಆದುದರಿಂದ ಮರಿಯು ಏನನ್ನೂ ತಿನ್ನುವುದಿಲ್ಲ. ತನ್ನ ಬಾಲವೇ ಅದರ ಬುತ್ತಿ. ಅದು ಮಂಕಾಗಿ ಒಂದು ಮೂಲೆಯಲ್ಲಿ ಕುಳಿತಿರುವುದನ್ನು ಕಂಡು ಕಾಯಿಲೆಯೆಂದು ಗಾಬರಿಪಡಬೇಕಾಗಿಲ್ಲ. ಬಲವಂತವಾಗಿ ತಿನ್ನಿಸಬೇಕಾಗಿಯೂ ಇಲ್ಲ. ಹದಿಮೂರು ಹದಿನಾಲ್ಕು ವರ್ಷದ ಹೆಣ್ಣುಮಕ್ಕಳನ್ನು ಬೆಳೆಸಿದ ತಾಯಂದಿರಿಗೆ ಇದನ್ನು ಹೆಚ್ಚು ವಿಸ್ತರಿಸಿ ಹೇಳುವ ಅಗತ್ಯವಿಲ್ಲವೆಂದು ಭಾವಿಸುವೆವು.

ಆದರೆ ಇದೇ ಹೊತ್ತಿನಲ್ಲಿ ಒಂದು ಕೆಲಸವನ್ನು ಮಾತ್ರ ಮರೆಯಕೂಡದು. ನೀರನ್ನು ಎರಡು ಮೂರು ಬೆರಳಿನಷ್ಟು ಆಳಕ್ಕೆ ಇಳಿಸಿ, ಇಳಿಜಾರಾದ ಒಂದು ಕಲ್ಲನ್ನೋ ಮರಳಿನ ದಿಣ್ಣೆಯನ್ನೋ ನೀರಿನಿಂದ ಮೇಲೆ ಕಾಣುವಂತೆ ಇಡಬೇಕು. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಐದು ವಾರಗಳ ತನಕ ಒಂದು ದಿನವೂ ತಪ್ಪದೆ ನೋಡಿಕೊಂಡ ಹನ್ನೊಂದು ಮರಿಗಳು, ಮುಂಗಾಲು ಮೂಡಿದ ಮರುದಿನ ಬೆಳಗಾಗುವಾಗ ಗಾಜಿನ ಜಾಡಿಯಲ್ಲಿ ಸತ್ತು ತೇಲುತ್ತಿದ್ದವು. ಜಾಡಿಯ ಗೋಡೆ ನೆಟ್ಟಗೆ, ನೀರು ಕಂಠದ ತನಕ. ಹತ್ತಿ ಕೂರುವುದಕ್ಕೆ ಒಂದು ಎಲೆಯೂ ಇರಲಿಲ್ಲ. ಆ ಹುಡುಗಿಯು ಜಾಡಿಯನ್ನು ಹಾಗೆಯೇ ಶಾಲೆಗೆ ಹೊತ್ತು ತಂದು, "ಟೀಚರ್, ನೀರಿನ ಪ್ರಾಣಿ ನೀರಿನಲ್ಲಿ ಮುಳುಗಿ ಸಾಯುವುದುಂಟೇ? ಮನೆಯಲ್ಲಿ ಎಲ್ಲರೂ ನಗುತ್ತಾರೆ" ಎಂದು ಕೇಳಿದಳು. ಉಂಟು. ನಿನ್ನೆಯ ತನಕ ಅದಕ್ಕೆ ಮನೆಯಾಗಿದ್ದ ನೀರೇ, ಕಿವಿರುಗಳು ಕರಗಿದ ಮೇಲೆ ಅದಕ್ಕೆ ಮೃತ್ಯುವಾಗುವುದು. ಹೊರಗೆ ಬರುವುದಕ್ಕೆ ಒಂದಿಷ್ಟು ನೆಲವು ಹತ್ತಿರದಲ್ಲಿರಬೇಕು, ಅಷ್ಟೆ. ಇದನ್ನು ತಿಳಿದಾಗ ಅವಳ ಅಳು ನಿಂತಿತೆಂದು ನಾವು ಹೇಳಲಾರೆವು. ಆದರೆ ಮರುವರ್ಷ ಕೆಳಗಿನ ತರಗತಿಯವರಿಗೆ ಕಲ್ಲನ್ನು ಯಾವಾಗ ಇಡಬೇಕೆಂದು ಹೇಳಿಕೊಟ್ಟವಳು ಅವಳೇ.

ರೂಪಾಂತರವನ್ನು ನಡೆಸುವುದು ಥೈರಾಯ್ಡ್ ಗ್ರಂಥಿಯ ರಸ. 1912ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿಯು ಗೊದಮೊಟ್ಟೆಗಳಿಗೆ ಕುದುರೆಯ ಥೈರಾಯ್ಡ್ ಗ್ರಂಥಿಯ ಚೂರುಗಳನ್ನು ತಿನ್ನಿಸಿದಾಗ, ಅವು ಬೆಳೆಯುವುದನ್ನೇ ನಿಲ್ಲಿಸಿ, ಕಾಲಕ್ಕೆ ಮೊದಲೇ ಅತಿ ಪುಟ್ಟ ಕಪ್ಪೆಗಳಾಗತೊಡಗಿದವು. ಆ ಗ್ರಂಥಿಯನ್ನು ತೆಗೆದುಬಿಟ್ಟ ಗೊದಮೊಟ್ಟೆಗಳಾದರೋ ದೊಡ್ಡ ದೊಡ್ಡ ಗೊದಮೊಟ್ಟೆಗಳಾಗಿಯೇ ಉಳಿಯುವುವು, ಕಪ್ಪೆಗಳಾಗುವುದಿಲ್ಲ. ಈ ರಸವು ಉಂಟಾಗುವುದಕ್ಕೆ ಅಯೋಡಿನ್ ಬೇಕು. ನಮ್ಮ ಕುತ್ತಿಗೆಯಲ್ಲಿಯೂ ಇದೇ ಗ್ರಂಥಿಯಿದ್ದು, ಮಕ್ಕಳ ಶರೀರದ ಮತ್ತು ಬುದ್ಧಿಯ ಬೆಳವಣಿಗೆಗೆ ಅದರ ರಸವೇ ಆಧಾರ. ಅಡುಗೆಯ ಉಪ್ಪಿಗೆ ಅಯೋಡಿನ್ ಸೇರಿಸುವ ಕಾರಣವು ಇದೇ ಎಂಬುದನ್ನು ಗೃಹಿಣಿಯರು ನೆನಪಿನಲ್ಲಿಡಬೇಕು. ಹಲವು ಜಾತಿಗಳಲ್ಲಿ ಹಳ್ಳವು ಒಣಗತೊಡಗಿದರೆ ಗೊದಮೊಟ್ಟೆಗಳು ಅವಸರದಿಂದ ಕಪ್ಪೆಗಳಾಗಿ ಪಾರಾಗುವುದೂ ಉಂಟು. ಆದರೆ ಹಾಗೆ ಅವಸರದಲ್ಲಿ ಆದವು ಗಾತ್ರದಲ್ಲಿ ಸಣ್ಣವಾಗಿರುವುವು.

ಬಿಡುವ ಕ್ರಮ

ಬಾಲವು ಮೊಟಕಾಗಿ ಗಂಟಿನಂತೆ ಉಳಿದಿರುವಾಗ ಮರಿಗಪ್ಪೆಯು ಒಂದು ಅವರೆಕಾಳಿನಷ್ಟಿರುವುದು. ಅದಕ್ಕೆ ಇನ್ನು ಮೇಲೆ ಜೀವವುಳ್ಳ, ಚಲಿಸುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳೇ ಆಹಾರ. ಇದನ್ನು ಮನೆಯಲ್ಲಿ ಒದಗಿಸುವುದು ಬಹು ಕಷ್ಟ. ಆದುದರಿಂದ ಇನ್ನೂ ನಾಲ್ಕು ದಿನ ಇಟ್ಟುಕೊಳ್ಳೋಣವೆಂಬ ಆಸೆಗೆ ಎಡೆಗೊಡದೆ, ಸಂಜೆಯ ತಂಪಿನಲ್ಲಿ, ಮೊಟ್ಟೆಯನ್ನು ತಂದ ಸ್ಥಳದ ಬಳಿಯಲ್ಲಿಯೇ, ತೇವವಾದ ಎಲೆಕಸದ ಮೇಲೆ ಬಿಟ್ಟುಬರಬೇಕು. ಆ ಗುಂಡಿಯು ಒಣಗಿದ್ದರೂ ಚಿಂತೆಯಿಲ್ಲ. ಇನ್ನು ಅದಕ್ಕೆ ಬೇಕಾದುದು ನೀರಲ್ಲ, ನೆರಳು.

ಬೇರೆ ಊರಿಗೋ ಬೇರೆ ಕೆರೆಗೋ ಒಯ್ದು ಬಿಡಬಾರದೆಂಬುದಕ್ಕೆ ಗಟ್ಟಿಯಾದ ಕಾರಣವುಂಟು. ಆಸ್ಟ್ರೇಲಿಯಾದಲ್ಲಿಯೂ ಮಧ್ಯ ಅಮೆರಿಕದಲ್ಲಿಯೂ ಕಪ್ಪೆಗಳು ರಾಶಿ ರಾಶಿಯಾಗಿ ಸಾಯುತ್ತಿದ್ದುದಕ್ಕೆ ಚರ್ಮವನ್ನು ಹಿಡಿಯುವ ಒಂದು ಶಿಲೀಂಧ್ರವು ಕಾರಣವೆಂದು 1998ರಲ್ಲಿ ತಿಳಿದುಬಂದಿತು. ಮನುಷ್ಯರು ಕಪ್ಪೆಗಳನ್ನು ದೇಶದಿಂದ ದೇಶಕ್ಕೆ ಸಾಗಿಸಿದುದರಿಂದ ಇಂತಹ ರೋಗಗಳು ಹರಡಿದವು. ಒಂದು ಬೋಗುಣಿ ನೀರಿನಲ್ಲಿಯೂ ಅಂತಹ ಬೀಜವು ಹೋಗಬಲ್ಲುದು.

ಕೈಗಳ ವಿಷಯವಾಗಿಯೂ ಒಂದು ಮಾತು. ಎಣ್ಣೆ, ಸಾಬೂನು, ಸೊಳ್ಳೆಯ ಮುಲಾಮು ಹತ್ತಿದ ಕೈಯನ್ನು ತೊಟ್ಟಿಯಲ್ಲಿ ಅದ್ದಿದರೆ ಮರಿಗಳಿಗೆ ಕೇಡು. ತೊಟ್ಟಿಯ ಕೆಲಸವಾದ ಮೇಲೆ ಸಾಬೂನಿನಿಂದ ಕೈ ತೊಳೆಯದಿದ್ದರೆ ನಮಗೆ ಕೇಡು. ನೆಲಗಪ್ಪೆಯನ್ನು ಮುಟ್ಟಿದರೆ ನರೂಲಿಯಾಗುವುದೆಂಬುದು ಬರಿಯ ಸುಳ್ಳು. ಆದರೆ ಅದರ ಕಣ್ಣಿನ ಹಿಂದಿನ ಗ್ರಂಥಿಗಳಲ್ಲಿ ವಿಷವಿರುವುದು ನಿಜ. ಮುಟ್ಟಿದ ಕೈಯಿಂದ ಕಣ್ಣನ್ನು ಉಜ್ಜಿಕೊಳ್ಳಬಾರದು.

ನೆಲಗಪ್ಪೆಯ ಕಥೆಯೇ ಎಲ್ಲ ಕಪ್ಪೆಗಳ ಕಥೆಯೆಂದು ತಿಳಿಯಬಾರದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು 1918ರಷ್ಟು ಹಿಂದೆಯೇ ಗೊದಮೊಟ್ಟೆಗಳನ್ನು ಕುರಿತು ಲೇಖನವನ್ನು ಪ್ರಕಟಿಸಿದ್ದರು. 1937ರಲ್ಲಿ ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ವರ್ಣಿಸಿದರು. ಅವರ ನೆನಪಿಗಾಗಿ 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ ರಾಓರ್ಕೆಸ್ಟಿಸ್ ಎಂದು ಹೆಸರಿಟ್ಟರು. ಈ ಕುಲದ ಕಪ್ಪೆಗಳಿಗೆ ಗೊದಮೊಟ್ಟೆಯ ಅವಸ್ಥೆಯೇ ಇಲ್ಲ. ಮೊಟ್ಟೆಯೊಳಗಿಂದ ನೇರವಾಗಿ ಮರಿಗಪ್ಪೆಯೇ ಹೊರಬರುವುದು. ಉತ್ತರ ಕನ್ನಡ ಜಿಲ್ಲೆಯ ಕತ್ತಲೆಕಾನಿನ ಹೊಳೆಯಂಚಿನ ಕಪ್ಪೆಯೊಂದು ತನ್ನ ಮೊಟ್ಟೆಗಳಿಗೆ ಕೈಯಿಂದ ಮಣ್ಣನ್ನು ಮೆತ್ತುವುದು. ಮೆತ್ತುವುದು ಗಂಡು. 2014ರಲ್ಲಿ ಅದನ್ನು ವರ್ಣಿಸಿದವರು ಅದಕ್ಕೆ ನಮ್ಮ ಭಾಷೆಯ ಕುಂಬಾರ ಎಂಬ ಮಾತನ್ನೇ ಹೆಸರಾಗಿಟ್ಟರು. ಇಂತಹ ಕಪ್ಪೆಗಳನ್ನು ಮನೆಗೆ ತರಲಾಗದು. ಅವುಗಳ ಕಾಡಿಗೆ ಹೋಗಿ ನೋಡಬೇಕು. ಅವುಗಳನ್ನು ಉಳಿಸುವ ಬುದ್ಧಿಯು ಹಿತ್ತಲಿನ ನೆಲಗಪ್ಪೆಯಿಂದ ಮೊದಲಾಗಲೆಂಬುದು ನಮ್ಮ ಆಶೆ.

ಕೊನೆಯದಾಗಿ, ತೊಟ್ಟಿಯ ಪಕ್ಕದಲ್ಲಿ ಒಂದು ನೋಟುಪುಸ್ತಕವಿರಲಿ. ಮೊಟ್ಟೆ ತಂದ ದಿನ, ಸ್ಥಳ, ಒಡೆದ ದಿನ, ಹಿಂಗಾಲು ಮೂಡಿದ ದಿನ, ಮುಂಗಾಲು ಮೂಡಿದ ದಿನ, ಸತ್ತವುಗಳ ಸಂಖ್ಯೆ, ಬಿಟ್ಟವುಗಳ ಸಂಖ್ಯೆ, ಇಷ್ಟನ್ನು ಮಗಳು ತನ್ನ ಕೈಯಿಂದಲೇ ಬರೆಯಲಿ. ಸತ್ತವುಗಳ ಸಂಖ್ಯೆಯನ್ನು ಮರೆಮಾಡದೆ ಬರೆಯುವುದನ್ನು ಕಲಿಯುವುದು ವಿಜ್ಞಾನಪಾಠಗಳಲ್ಲೆಲ್ಲಾ ದೊಡ್ಡದು. ನಮ್ಮ ಹಳೆಯ ವಿದ್ಯಾರ್ಥಿನಿಯರು ಈಗ ಮಡಿಕೇರಿಯಿಂದ ಬೀದರಿನ ತನಕ ನಾನಾ ಊರುಗಳಲ್ಲಿ ನೆಲೆಸಿರುವರು. ತಮ್ಮ ತಮ್ಮ ಊರಿನಲ್ಲಿ ಮಳೆಯ ನಂತರ ಕಪ್ಪೆಯ ಮೊಟ್ಟೆಯು ಮೊದಲು ಕಂಡ ದಿನವನ್ನು ಒಂದು ಕಾಗದದಲ್ಲಿ ಬರೆದು ಶಾಲೆಗೆ ಕಳುಹಿಸಿದರೆ, ಅವೆಲ್ಲವನ್ನೂ ಒಂದು ಭೂಪಟದ ಮೇಲೆ ಗುರುತಿಸಿ ವಿಜ್ಞಾನದ ಕೊಠಡಿಯ ಗೋಡೆಗೆ ಹಾಕಿಸುವೆವು. ಕಾಗದದಲ್ಲಿ ಊರಿನ ಹೆಸರನ್ನೂ ತಾರೀಖನ್ನೂ ಸ್ಪಷ್ಟವಾಗಿ ಬರೆಯಬೇಕಾಗಿ ಕೋರುವೆವು.